ನಾಲ್ಕನೇ ಅಂಕಣ

ಮೇಸ್ತ್ರಿಯ ಮನೆಯಲ್ಲಿ ಟೀವಿಯ ಸದ್ದು ಮೂರು ವರ್ಷದಿಂದ ಏರುತ್ತಲೇ ಇತ್ತು. ಮೊದಮೊದಲು ಪಕ್ಕದ ಮನೆಯವರು ಗೋಡೆ ಬಡಿದು ನೋಡಿದರು. ಆಮೇಲೆ, ಬಿಟ್ಟಿಯಾಗಿ ಸುದ್ದಿ ಕೇಳಿಸುವಾಗ ನಮ್ಮ ಟೀವಿ ಯಾಕೆ ಹಚ್ಚಬೇಕು ಎಂದು ಅವರೂ ಸುಮ್ಮನಾದರು. ಮನೆಯಲ್ಲಿದ್ದವರು ನಾಲ್ವರು: ಮೇಸ್ತ್ರಿ, ಅವನ ಹೆಂಡತಿ, ಮದುವೆಯಾಗದ ಮಗಳು, ಮೇಸ್ತ್ರಿಯ ಮುದಿ ತಾಯಿ. ಯಜಮಾನನ ಕಿವಿ ಹೋಗುತ್ತಿದೆ ಎಂಬುದು ನಾಲ್ವರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದವರು ಮಾತ್ರ ಒಬ್ಬರೂ ಇಲ್ಲ.

ಹೇಳುವಂತೆಯೂ ಇರಲಿಲ್ಲ. ಅವನದು ಹೊಸ ಮನೆ ಕಟ್ಟುವ ಕೆಲಸವಲ್ಲ, ಹಳೆಯದನ್ನು ಉಳಿಸುವ ಕೆಲಸ. ಒಳಗಿನ ಸರಳು ತುಕ್ಕು ಹಿಡಿದು ಕಾಂಕ್ರೀಟು ಉದುರತೊಡಗಿದ ಸೂರು, ತೊಲೆ, ನೀರಿನ ತೊಟ್ಟಿಗಳನ್ನು ಕೆತ್ತಿ, ತುಕ್ಕು ಉಜ್ಜಿ, ಹೊಸ ಗಾರೆ ಹಿಡಿಸುವವನು ಅವನು. ಆ ಕೆಲಸದಲ್ಲಿ ಕೈಗಿಂತ ಕಿವಿ ದೊಡ್ಡದು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ಡಬ್ ಎನ್ನುತ್ತದೆ. ಒಂದು ಕಾಲದಲ್ಲಿ ಅವನು ಕೆಳಗೆ ನಿಂತು, ಮೇಲೆ ಬೇರೆಯವರು ತಟ್ಟಿದ್ದನ್ನು ಕೇಳಿಯೇ ಎಲ್ಲಿ ಕೆತ್ತಬೇಕೆಂದು ಹೇಳುತ್ತಿದ್ದ. ಮೂವತ್ತು ವರ್ಷ ಒಡೆಯುವ ಮೆಷೀನನ್ನು ಕಿವಿಯ ಪಕ್ಕದಲ್ಲೇ ಇಟ್ಟುಕೊಂಡು ದುಡಿದದ್ದಕ್ಕೆ ಕಿವಿಯೇ ಬಡ್ಡಿಯಾಗಿ ಹೋಯಿತು.

ಹೆಂಡತಿ ಅವನ ಜೊತೆಯಲ್ಲೇ ಕೆಲಸ ಮಾಡುವವಳು. ಮೂರು ವರ್ಷದ ಹಿಂದೆ ಒಂದು ಶಾಲೆಯ ಜಗಲಿಯ ಸೂರನ್ನು ರಿಪೇರಿ ಮಾಡಿ ಮುಗಿಸಿದಾಗ, ಮೇಷ್ಟ್ರುಗಳ ಎದುರಿಗೆ ಮೇಸ್ತ್ರಿ ಒಂದೇ ಜಾಗವನ್ನು ಮೂರು ಸಲ ತಟ್ಟಿದ. ಆಮೇಲೆ ತಿರುಗಿ ಹೆಂಡತಿಯ ಮುಖ ನೋಡಿದ. ಅವಳಿಗೆ ಅರ್ಥವಾಯಿತು; ಗಟ್ಟಿಯಿದೆ ಎಂದು ತಲೆಯಾಡಿಸಿದಳು. ಅಂದಿನಿಂದ ಅದೇ ಪದ್ಧತಿಯಾಯಿತು: ಅವನು ತಟ್ಟುವುದು, ಅವಳು ತಲೆಯಾಡಿಸುವುದು. ಗಂಡ ಹೆಂಡಿರ ನಡುವೆ ಅದರ ಬಗ್ಗೆ ಒಂದು ಮಾತೂ ಆಗಲಿಲ್ಲ. ಕಿವುಡ ಮೇಸ್ತ್ರಿಗೆ ಯಾರು ತಾನೆ ತಮ್ಮ ಸೂರು ಒಪ್ಪಿಸಿಯಾರು?

ಆ ಬೇಸಿಗೆಯಲ್ಲಿ ಅವರಿಗೆ ಸಿಕ್ಕಿದ್ದು ತಾವಿದ್ದ ಕಟ್ಟಡದ್ದೇ ಕೆಲಸ. ನಾಲ್ಕು ಮಹಡಿ, ಉದ್ದಕ್ಕೂ ತೆರೆದ ಕಾರಿಡಾರು, ಸಾಲಾಗಿ ಬಾಗಿಲುಗಳು. ಮೇಸ್ತ್ರಿಯ ಮನೆ ಮೊದಲ ಮಹಡಿಯಲ್ಲಿ. ಆ ಮಹಡಿಯ ಕಾರಿಡಾರಿನ ತಳ, ಅಂದರೆ ಕೆಳಗೆ ಓಡಾಡುವವರ ತಲೆಯ ಮೇಲಿನ ಸೂರು, ತೊಲೆಯಿಂದ ತೊಲೆಗೆ ಒಂದರಂತೆ ಐದು ಅಂಕಣಗಳಲ್ಲಿ ಸಿಪ್ಪೆ ಬಿಟ್ಟಿತ್ತು. ಕಟ್ಟಡದ ಸೆಕ್ರೆಟರಿ ಹೇಳಿದ: "ಮೊದಲು ಇದನ್ನು ಮಾಡಿ ಮೇಸ್ತ್ರಿ. ಚೆನ್ನಾಗಿ ಬಂದ್ರೆ ಉಳಿದ ಮೂರು ಮಹಡಿಯೂ ನಿಮ್ಮದೇ. ಎರಡು ವರ್ಷ ಬೇರೆ ಕಡೆ ಮುಖ ಹಾಕ್ಬೇಕಾಗಿಲ್ಲ."

ಈ ಗಾರೆಯ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಡಬ್ಬದಲ್ಲಿ ಬರುವ ಬಿಳಿಯ ದ್ರವವೊಂದನ್ನು ಸಿಮೆಂಟಿಗೆ ಸೇರಿಸುತ್ತಾರೆ. ಹೆಸರು ಏನೇ ಇರಲಿ, ಕೆಲಸದವರ ಬಾಯಲ್ಲಿ ಅದು ಹಾಲು. ಹಾಲು ಬೆರೆತ ಗಾರೆ ಬಿರುಕು ಬಿಡುವುದಿಲ್ಲ, ನೀರು ಕುಡಿಯುವುದಿಲ್ಲ. ಗಾರೆ ಮೆತ್ತುವ ಮೊದಲು ಹಾಲು ಸಿಮೆಂಟು ಕಲಸಿದ ನೀರನ್ನು ಹಳೆಯ ಕಾಂಕ್ರೀಟಿಗೆ ಬಳಿಯಬೇಕು, ಅದು ಬೆರಳಿಗೆ ಅಂಟುವಾಗಲೇ ಮೇಲೆ ಗಾರೆ ಒತ್ತಬೇಕು. ಆಗ ಹಿಡಿದದ್ದು ಜನ್ಮಕ್ಕೂ ಬಿಡುವುದಿಲ್ಲ. ಒಣಗಿತೋ, ಅದೇ ಹಾಲು ಹಳೆಯದಕ್ಕೂ ಹೊಸದಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿದ ಹಾಗೆ. ಆಗ ಎಲ್ಲವನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು ಹೊಸದಾಗಿ ಬಳಿಯುವುದೊಂದೇ ದಾರಿ.

ಬಳಿಯುವ ಕೆಲಸ ಹೆಂಡತಿಯದು. ಅವಳ ಕೈಯ ಗೆರೆ ಉದ್ದಕ್ಕೆ ಹೋಗಿ ಕೊನೆಯಲ್ಲಿ ಎಡಕ್ಕೆ ಕೊಕ್ಕೆ ತಿರುಗುತ್ತಿತ್ತು. "ಬಳಿ ಅಂದ್ರೆ ಸಹಿ ಹಾಕ್ತಾಳೆ ನೋಡು," ಎಂದು ಮೇಸ್ತ್ರಿ ಛೇಡಿಸುತ್ತಿದ್ದ. ಅವನು ಅವಳಿಗೆ ಹಾಕಿಕೊಟ್ಟ ನಿಯಮ ಒಂದೇ: "ನಿನ್ನ ಬ್ರಷ್ಷು ನನ್ನ ಕರಣೆಗಿಂತ ಒಂದು ಮೊಳ ಮುಂದಿರಲಿ. ಎರಡು ಮೊಳ ಬೇಡ." ಇಪ್ಪತ್ತು ವರ್ಷ ಅವಳು ಒಂದು ಮೊಳ ದಾಟಿರಲಿಲ್ಲ.

ದಾಟಿದ್ದು ನಾಲ್ಕನೇ ಅಂಕಣದ ದಿನ. ಬೆಳಿಗ್ಗೆಯೇ ಮನೆಯಲ್ಲಿ ರಂಪವಾಗಿತ್ತು.

"ನನಗೆ ಇವತ್ತಾದ್ರೂ ಹನ್ನೊಂದಕ್ಕೆ ಸ್ನಾನ ಮಾಡಿಸ್ತೀಯೋ, ಇಲ್ಲ ನೇರ ಹೆಣದ ಸ್ನಾನವೋ?" ಎಂದಳು ಅಜ್ಜಿ. ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ, ನಾಲಿಗೆ ಮಾತ್ರ ಚೆನ್ನಾಗಿ ನಿಲ್ಲುತ್ತಿತ್ತು.

"ಹನ್ನೊಂದಕ್ಕೇ ಬರ್ತೀನಿ ಅತ್ತೆ. ಅಲ್ಲೀವರೆಗೂ ಮಂಚ ಬಿಟ್ಟು ಇಳೀಬೇಡಿ."

"ನಿನ್ನೆಯೂ ಹಾಗೇ ಅಂದೆ."

"ನಿನ್ನೆ ಗಾರೆ ಕಲಸಿ ಆಗಿತ್ತು. ಬಿಟ್ಟು ಬಂದ್ರೆ ಕಲ್ಲಾಗ್ತಿತ್ತು."

"ಗಾರೆ ಕಲ್ಲಾಗಬಾರದು, ನಾನು ಕಲ್ಲಾಗಬಹುದು!"

ಹನ್ನೊಂದರೊಳಗೆ ಮೇಲೆ ಹೋಗಬೇಕೆಂಬ ಆತುರಕ್ಕೆ ಅವಳು ಅಂಕಣ ಪೂರ್ತಿ ಒಂದೇ ಸಮನೆ ಬಳಿದುಬಿಟ್ಟಳು. ಮೇಸ್ತ್ರಿ ಇನ್ನೂ ಮೂರನೆಯದರ ಅಂಚು ನಯ ಮಾಡುತ್ತ ಅತ್ತ ತಿರುಗಿದ್ದ. ಬಿಸಿಗಾಳಿ ಬೀಸುತ್ತಿತ್ತು. ಅಷ್ಟರಲ್ಲಿ ಮೇಲೆ ಧೊಪ್ಪೆಂದು ಏನೋ ಬಿತ್ತು, ಹಿಂದೆಯೇ ಒಂದು ಚೀರು. ಅಟ್ಟಣಿಗೆಯ ಮೇಲಿದ್ದ ಇಬ್ಬರಲ್ಲಿ ಅದು ಕೇಳಿಸಿದ್ದು ಒಬ್ಬರಿಗೆ ಮಾತ್ರ.

ಅಜ್ಜಿ ತಾನೇ ಬಚ್ಚಲಿಗೆ ಹೊರಟು ಜಾರಿದ್ದಳು. ಅವಳನ್ನು ಎತ್ತಿ, ಒರೆಸಿ, ಬಟ್ಟೆ ಬದಲಿಸಿ, ಸೊಂಟಕ್ಕೆ ಶಾಖ ಕೊಟ್ಟು, ಬೈಗುಳ ತಿಂದು, ಟೀ ಕುಡಿಸಿ ಸೊಸೆ ಕೆಳಗಿಳಿಯುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು. ಬೆರಳಿಟ್ಟು ನೋಡಿದಳು. ಅಂಟಲಿಲ್ಲ. ಅಂಕಣದ ಆ ತುದಿಯಿಂದ ಈ ತುದಿಯವರೆಗೆ ಒಣಗಿ ಮಿರಮಿರ ಮಿಂಚುತ್ತಿತ್ತು. ಉಜ್ಜಿ ತೆಗೆಯಲು ಅರ್ಧ ದಿನ ಬೇಕು. ಕಲಸಿಟ್ಟ ಗಾರೆ ದಂಡ. ಗಂಡನಿಗೆ ಹೇಳಬೇಕು, ಹೇಳಿದರೆ ತಾಯಿ ಬಿದ್ದದ್ದೂ ಹೇಳಬೇಕು, ನಿಮಗೆ ಕೇಳಿಸಲಿಲ್ಲವಾ ಎಂಬ ಮಾತೂ ಬರುತ್ತದೆ. ಅವಳು ಬಕೆಟ್ಟಿನಲ್ಲಿ ಕೈಯದ್ದಿ ಸೂರಿಗೆ ನೀರು ಚಿಮುಕಿಸಿದಳು. ಒದ್ದೆಯಾಗಿ ಹೊಸದರ ಹಾಗೇ ಕಂಡಿತು.

"ಈಗ ತಾನೇ ಬಳಿದೆ, ಬನ್ನಿ," ಎಂದು ಅವನ ಭುಜ ಮುಟ್ಟಿ ಹೇಳಿದಳು.

ಎಂದೂ ಬೆರಳಿಟ್ಟು ನೋಡುವ ಮೇಸ್ತ್ರಿ ಅಂದು ನೋಡಲಿಲ್ಲ. ಕೈ ತುಂಬ ಗಾರೆ ಇತ್ತು, ಎದುರಿಗೆ ಇದ್ದದ್ದು ಹೆಂಡತಿ. ಒತ್ತಿ ಮೆತ್ತಿದ.

ಹತ್ತು ದಿನ ಕಳೆದು ಅವನು ಐದೂ ಅಂಕಣ ತಟ್ಟಿದ. ಸೆಕ್ರೆಟರಿ ಕೆಳಗೆ ನಿಂತಿದ್ದ. ನಾಲ್ಕನೆಯದು ಡಬ್ ಎಂದಿತು, ಇನ್ನೊಂದೆಡೆ ತಟ್ಟಿದರೂ ಡಬ್. ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಸೆಕ್ರೆಟರಿಗೆ ಟಣ್ಣೂ ಒಂದೇ ಡಬ್ಬೂ ಒಂದೇ, ಅವನೂ ತಲೆಯಾಡಿಸಿದ.

ಅಜ್ಜಿ ಬಿದ್ದವಳು ಏಳಲಿಲ್ಲ. ಬಿದ್ದದ್ದು ಸಂಜೆಯೆಂದು ಸೊಸೆ ಗಂಡನಿಗೆ ಹೇಳಿದ್ದಳು. ಮಂಚವನ್ನು ಬಾಗಿಲ ಬಳಿ ಹಾಕಿದರು. ಮೂರು ಹೊತ್ತು ಗಂಜಿ, ಎರಡು ಹೊತ್ತು ಬಟ್ಟೆ. ಬೆಳಗಿನ ಪಾಳಿ ಮಗಳದು, ಹಗಲಿನದು ಸೊಸೆಯದು. ಅಜ್ಜಿ ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತ ಕೇಳಿದಳು:

"ಮೊನ್ನೆ ಕೆಳಗೆ ತಟ್ಟಿದ್ರಲ್ಲ, ನಾಲ್ಕನೇದು ಯಾಕೆ ಹಾಗಂತು?"

"ಹೇಗಂತು?"

"ನಾನು ಮೇಸ್ತ್ರಿಯ ಹೆಂಡತಿಯಾಗಿದ್ದೆ, ಮೇಸ್ತ್ರಿಯ ತಾಯಿ. ಕಾಲು ಹೋಗಿದೆ ಕಣೆ, ಕಿವಿ ಹೋಗಿಲ್ಲ."

"ಗಂಜಿ ಆರುತ್ತೆ, ಕುಡೀರಿ ಅತ್ತೆ."

ಅಜ್ಜಿ ಕುಡಿದಳು. ಬಚ್ಚಲಿಗೆ ಹೋಗಿ ಬಿದ್ದದ್ದು ತಾನಲ್ಲವೇ? ಆ ಸಂಕಟಕ್ಕೆ ಮುದುಕಿ ಬಾಯಿ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಮುಚ್ಚದ ಬಾಯಿ.

ಮಗಳ ಕೆಲಸ ಕಟ್ಟಡ ಸಾಮಗ್ರಿ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ. ಗಾರೆ ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ಎಳೆದು ನೋಡುವ ಮೆಷೀನು ಅವಳ ಕೈಯಲ್ಲಿತ್ತು. ಗಾರೆಯನ್ನು ಬಟ್ಟಲ ಬಾಯಿಯಷ್ಟು ಅಗಲಕ್ಕೆ ಸುತ್ತ ಕೊರೆದು, ಅದಕ್ಕೆ ಉಕ್ಕಿನ ಬಿಲ್ಲೆ ಅಂಟಿಸಿ, ಮಾರನೆಯ ದಿನ ಹಿಡಿಕೆ ತಿರುಗಿಸುತ್ತ ಕೀಳುವುದು. ಕಿತ್ತು ಬರುವಾಗ ಮುಳ್ಳು ತೋರಿಸುವ ಸಂಖ್ಯೆ ಒಂದೂವರೆ ದಾಟಿರಬೇಕು. ಹಳೆಯ ಕಾಂಕ್ರೀಟೇ ಒಡೆದು ಬಂದರೆ ಬಹಳ ಒಳ್ಳೆಯದು. ಹೊಸದು ಹಳೆಯದರಿಂದ ಬಿಡಿಸಿಕೊಂಡು ಬಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕೆಲಸ ಮುಗಿದ ತಿಂಗಳಿಗೆ ಸೆಕ್ರೆಟರಿ ಅದೇ ಲ್ಯಾಬಿಗೆ ಚೀಟಿ ಕಳಿಸಿದ.

"ಅಪ್ಪನ ಕೆಲಸ ನಾನು ನೋಡೋದು ಸರಿಯಲ್ಲ ಸರ್ ಅಂದೆ," ಎಂದಳು ಮಗಳು ಊಟಕ್ಕೆ ಕೂತಾಗ. "ಮೆಷೀನು ಗೊತ್ತಿರೋ ಇನ್ನೊಬ್ಬರು ಕೈ ಮುರಿದುಕೊಂಡು ರಜದಲ್ಲಿದ್ದಾರೆ. ಸೆಕ್ರೆಟರಿ ಬೇರೆ, ಮನೆ ಹುಡುಗಿಯೇ ಬರಲಿ ಅಂದರಂತೆ."

ಅಪ್ಪನಿಗೆ ಕೇಳಿಸಲೆಂದು ಅವಳು ಅವನ ಕಡೆ ಮುಖ ತಿರುಗಿಸಿ, ತುಟಿ ಬಿಡಿಸಿ ಮಾತಾಡುತ್ತಿದ್ದಳು. ಆ ಮನೆಯಲ್ಲಿ ಎಲ್ಲರೂ ಹಾಗೆ. ಕೆಲಸದ ಗದ್ದಲದಲ್ಲಿ ಬೆಳೆದ ಅಭ್ಯಾಸ ಎಂದು ಮೇಸ್ತ್ರಿ ನೆಂಟರಿಗೆ ಹೇಳುತ್ತಿದ್ದ.

"ಬಾ, ಎಳಿ," ಎಂದ ಮೇಸ್ತ್ರಿ ಮುದ್ದೆ ಮುರಿಯುತ್ತ. "ಎಲ್ಲಿ ಬೇಕಾದ್ರೂ ಎಳಿ. ಮೆಷೀನು ಮುರಿದ್ರೆ ನನ್ನನ್ನ ಕೇಳ್ಬೇಡ."

"ಮೊದಲಿನ ಮೂರು ಸಾಕಲ್ಲ," ಎಂದಳು ತಾಯಿ. "ನಾಲ್ಕನೇದರ ಕೆಳಗೆ ಮೀಟರ್ ಪೆಟ್ಟಿಗೆ ಇದೆ, ಏಣಿ ಸರಿಯಾಗಿ ಕೂರಲ್ಲ."

"ಮೀಟರ್ ಪೆಟ್ಟಿಗೆ ಇರೋದು ಎರಡನೇದರ ಕೆಳಗಲ್ವಾ ಅಮ್ಮ?"

"ಹೌದಾ? ಇರಬಹುದು." ತಾಯಿ ಸೌಟು ಹಿಡಿದು ಎದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಪರೀಕ್ಷೆಯ ದಿನ ಮೇಸ್ತ್ರಿ ಒಗೆದ ಅಂಗಿ ಹಾಕಿ, ಕೈಕಟ್ಟಿ ಕೆಳಗೆ ನಿಂತ. ಮೊದಲನೆಯ ಅಂಕಣ ಎರಡಕ್ಕೆ ಹತ್ತಿರ ಹೋಗಿ ಹಳೆಯ ಕಾಂಕ್ರೀಟನ್ನೇ ಕಿತ್ತು ತಂದಿತು. ಎರಡು, ಮೂರು, ಐದು ಕೂಡ ಹಾಗೇ. "ನೋಡಿದ್ರಾ?" ಎಂದ ಮೇಸ್ತ್ರಿ, ಸೆಕ್ರೆಟರಿಯತ್ತ ಹುಬ್ಬು ಹಾರಿಸಿ. ಮಗಳು ನಾಲ್ಕನೆಯದಕ್ಕೆ ಏಣಿ ಸರಿಸಿದಳು. ಹಿಡಿಕೆಯನ್ನು ಎರಡು ಸುತ್ತು ತಿರುಗಿಸುವುದರೊಳಗೆ ಬಿಲ್ಲೆ ಗಾರೆ ಸಮೇತ ಅವಳ ಅಂಗೈಗೆ ಬಂದು ಕೂತಿತು. ಮುಳ್ಳು ಸೊನ್ನೆ ಪಾಯಿಂಟ್ ಮೂರರಲ್ಲಿ ನಿಂತಿತ್ತು. ಬಿಲ್ಲೆ ತಿರುಗಿಸಿ ನೋಡಿದಳು. ಹಿಂಭಾಗ ನುಣ್ಣಗೆ, ಮಿಂಚುತ್ತ ಇತ್ತು. ಪಕ್ಕದಲ್ಲೇ ಅಂಟಿಸಿದ್ದ ಮತ್ತೆರಡನ್ನೂ ಎಳೆದಳು. ಅವೂ ಅಷ್ಟೇ.

ಅಡುಗೆಮನೆಯಲ್ಲಿ ತಾಯಿ ಮಗಳು ಎದುರುಬದುರಾದರು.

"ಒಣಗಿದ ಮೇಲೆ ಹಾಕಿದ್ದಾರೆ ಅಮ್ಮ. ಬಳಿದದ್ದು ನೀನು."

"ಆ ದಿನವೇ ನಿನ್ನ ಅಜ್ಜಿ ಬಿದ್ದದ್ದು. ನಾನೇನು ಮಾಡಲಿ, ಎರಡು ತುಂಡಾಗಲಾ?"

"ಅಪ್ಪನಿಗೆ ಹೇಳ್ಬೇಕಿತ್ತು."

"ಹೇಳಿ ಏನಾಗ್ಬೇಕಿತ್ತು? ಬೇರೆ ಸಂಖ್ಯೆ ಬರಿ. ಒಂದೇ ಒಂದು ಅಂಕಣ. ಗಾರೆ ಅಷ್ಟು ಸುಲಭಕ್ಕೆ ಬೀಳಲ್ಲ."

"ಕೈಗೆ ಬಂತು ಅಮ್ಮ! ಹಣ್ಣು ಬಂದ ಹಾಗೆ ಕೈಗೆ ಬಂತು. ಕೆಳಗೆ ಮಕ್ಕಳು ಚೆಂಡಾಡ್ತಾರೆ."

"ನಿನ್ನ ಅಪ್ಪ ಇದೊಂದು ಕೆಲಸದ ಮೇಲೆ ನಿಂತಿದ್ದಾರೆ. ಇದು ಹೋದ್ರೆ ಎಲ್ಲ ಬಯಲಾಗುತ್ತೆ. ಆಮೇಲೆ ಅವರು ಏನಾಗಿ ಬದುಕ್ತಾರೆ, ಹೇಳು?"

ಮಗಳು ಅಳುತ್ತಲೇ ಇದ್ದಳು, ಬರೆದದ್ದು ಮಾತ್ರ ಇದ್ದದ್ದನ್ನೇ. ಸೊನ್ನೆ ಪಾಯಿಂಟ್ ಮೂರು, ಬಿಟ್ಟುಕೊಂಡದ್ದು ನಡುವಿನ ಪದರದಲ್ಲಿ. ತಾಯಿಯ ಮಾತು ಮಾತ್ರ ಅಪ್ಪನಿಗೆ ಮುಟ್ಟಿಸಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡಳು. ಹಾವೂ ಸತ್ತಿತು, ಕೋಲೂ ಮುರಿಯಿತು.

ಸೆಕ್ರೆಟರಿ ಒಳ್ಳೆಯ ಮಾತಿನಲ್ಲೇ ಹೇಳಿದ: ನಾಲ್ಕನೆಯದನ್ನು ಒಡೆದು ಮತ್ತೆ ಮಾಡಿಕೊಡಿ, ಮೇಲಿನ ಮಹಡಿಗಳ ವಿಷಯ ಆಮೇಲೆ ನೋಡೋಣ. ಮೇಸ್ತ್ರಿ ಒಂದು ವಾರ ಬೆಂಕಿಯಾದ. ತನ್ನ ಕೈ ತಪ್ಪಿರಲು ಸಾಧ್ಯವಿಲ್ಲ, ಹಾಲೇ ಕೆಟ್ಟದ್ದು. ಖಾಲಿ ಡಬ್ಬ ಹಿಡಿದು ಅಂಗಡಿಗೆ ಹೋದ, ಹತ್ತು ಜನರೆದುರು ಅಂಗಡಿಯವನನ್ನು ಕಳ್ಳ ಎಂದ. ಅಂಗಡಿಯವನು ತಗ್ಗಿದ ದನಿಯಲ್ಲಿ ಏನೋ ಉತ್ತರ ಹೇಳಿದ. ಮೇಸ್ತ್ರಿಗೆ ತಲುಪಲಿಲ್ಲ, ಇನ್ನೂ ಜೋರಾಗಿ ಕೂಗಿದ. ಸುತ್ತಲಿದ್ದವರು ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತಿದ್ದಳು.

"ಹೇಳಿಬಿಡೆ," ಎಂದಳು ಅಜ್ಜಿ ಆ ಸಂಜೆ. "ಅವನು ಊರೆಲ್ಲ ಜಗಳ ಮಾಡ್ಕೊಂಡು ಬರೋದಕ್ಕೆ ಮೊದಲು ಹೇಳಿಬಿಡು. ನನ್ನ ಮೇಲೆ ಹಾಕು. ಮುದುಕಿ ಬಿದ್ದಳು, ಅದಕ್ಕೇ ಹೀಗಾಯ್ತು ಅನ್ನು."

"ನಾಳೆ ಹೇಳ್ತೀನಿ ಅತ್ತೆ."

ನಾಳೆಯೇ ಒಡೆಯುವ ಕೆಲಸ. ಮೇಸ್ತ್ರಿ ಅಂಚಿಗೆ ಉಳಿಯಿಟ್ಟು ಮೂರು ಏಟು ಹಾಕಿದ. ಗಟ್ಟಿ ಹಿಡಿದ ಗಾರೆ ಚೂರುಚೂರಾಗಿ, ಸಂಜೆಯವರೆಗೆ ಕಾಡಿಸಿ ಬರಬೇಕು. ಇದು ಮೂರನೆಯ ಏಟಿಗೆ ಬಾಗಿಲಿನಷ್ಟು ದೊಡ್ಡ ಚಪ್ಪಡಿಯಾಗಿ ಕಳಚಿ, ಅಟ್ಟಣಿಗೆಯ ಹಲಗೆಯ ಮೇಲೆ ಬಿದ್ದು ಎರಡಾಯಿತು. ಗಂಡ ಹೆಂಡತಿ ಇಬ್ಬರೂ ಗೋಡೆಗೆ ಅಂಟಿ ನಿಂತರು. ಧೂಳು ಇಳಿದ ಮೇಲೆ ಅವನು ಕುಕ್ಕರಗಾಲಲ್ಲಿ ಕೂತು ಚಪ್ಪಡಿಯನ್ನು ಮಗುಚಿದ.

ಹಿಂಭಾಗದಲ್ಲಿ ಅವಳ ಸಹಿ ಇತ್ತು. ಉದ್ದಕ್ಕೂ ಬ್ರಷ್ಷಿನ ಗೆರೆ, ಕೊನೆಯಲ್ಲಿ ಕೊಕ್ಕೆ, ಸಾಲು ಸಾಲು ಅಚ್ಚೊತ್ತಿದ ಹಾಗೆ. ಹಾಲು ಕೆಟ್ಟದ್ದೇ ಆಗಿದ್ದರೂ, ಹಸಿಯಿದ್ದಾಗ ಗಾರೆ ಒತ್ತಿದ್ದರೆ, ಆ ಗೆರೆ ಕಲಸಿ ಹೋಗುತ್ತಿತ್ತು. ಗೆರೆಗಳ ಮೇಲೆ ಅಲ್ಲಲ್ಲಿ ದುಂಡು ದುಂಡು ಹನಿಗಳ ಗುರುತು. ಮೇಸ್ತ್ರಿ ಹನಿಯ ಮೇಲೆ ಬೆರಳಿಟ್ಟ. ಅಂದು ಇಡಬೇಕಾಗಿದ್ದ ಬೆರಳು.

"ನೀರು ಚಿಮುಕಿಸಿದ್ದೀಯ."

ಅವಳು ಹೌದೆಂದಳು.

"ಆಮೇಲೆ ನಾನು ತಟ್ಟಿದಾಗ?"

"ಡಬ್ ಅಂತು."

"ತಲೆಯಾಡಿಸಿದೆ."

"ಆಡಿಸಿದೆ."

ಅವನು ಬಹಳ ಹೊತ್ತು ಅವಳ ಬಾಯಿಯನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಶಾಲೆಯಲ್ಲಿ?" ಎಂದ.

ಅವಳು ಗಾರೆಯ ಚೂರೊಂದನ್ನು ಕಾಲಿನಿಂದ ಬದಿಗೆ ಸರಿಸಿದಳು.

"ಆಸ್ಪತ್ರೆಯ ಮೆಟ್ಟಿಲ ಕೆಳಗೆ? ನೀರಿನ ತೊಟ್ಟಿಯಲ್ಲಿ? ಎಷ್ಟು ಕಡೆ?"

"ಗೊತ್ತಿಲ್ಲ ರೀ. ಕೆಲವು ಕಡೆ ನನಗೂ ಸರಿಯಾಗಿ ತಿಳೀಲಿಲ್ಲ. ನೀವು ನನ್ನ ಮುಖ ನೋಡ್ತಿದ್ರಿ, ಎಲ್ಲರೂ ನಿಮ್ಮ ಮುಖ ನೋಡ್ತಿದ್ರು. ಇಲ್ಲ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ."

ಆ ಭಾನುವಾರ ಅಪ್ಪ ಮಗಳು ಸುತ್ತಿಗೆ ತೆಗೆದುಕೊಂಡು ಶಾಲೆಗೆ ಹೋದರು. ಮಗಳು ಏಣಿ ಹತ್ತಿ ತಟ್ಟುತ್ತ ಹೋದಳು, ಅವನು ಕೆಳಗೆ ನಿಂತು ಅವಳ ಮುಖವನ್ನೇ ನೋಡಿದ. ಜಗಲಿಯ ಕೊನೆಯಲ್ಲಿ, ಮಕ್ಕಳು ಚಪ್ಪಲಿ ಬಿಡುವ ಜಾಗದ ನೇರಕ್ಕೆ, ದೊಡ್ಡ ತಟ್ಟೆಯಷ್ಟಗಲದಲ್ಲಿ ಅವಳ ಮುಖ ಕಪ್ಪಿಟ್ಟಿತು. ಸೀಮೆಸುಣ್ಣದಿಂದ ಗುರುತು ಹಾಕಿದಳು. ಮೆಟ್ಟಿಲ ಮೇಲೆ ಕೂತು ಮುಖ್ಯೋಪಾಧ್ಯಾಯರಿಗೆ ಕಾಗದ ಬರೆದರು.

"ಇದನ್ನು ಒಡೆಸಿ, ಅಲ್ಲೀವರೆಗೂ ಮಕ್ಕಳನ್ನ ಕೆಳಗೆ ಬಿಡ್ಬೇಡಿ ಅಂತ ಬರಿ."

"ಬರೆದೆ ಅಪ್ಪ."

"ಮೇಸ್ತ್ರಿಗೆ ಕಿವಿ ಕೇಳಿಸಲ್ಲ ಅಂತಲೂ ಬರಿ."

"ಅಪ್ಪಾ..."

"ಬರಿ. ಕೇಳಿಸಲ್ಲ. ಇನ್ನುಳಿದ ಕಡೆಗೂ ಹಾಗೇ ಬರಿ."

ಏಳು ಕಾಗದ ಹೋದವು. ಎರಡನೆಯ ವಾರ ಸೆಕ್ರೆಟರಿ ಮೇಲಿನ ಮಹಡಿಗಳನ್ನು ಬೇರೆಯವರಿಗೆ ಕೊಟ್ಟ. ಮೇಸ್ತ್ರಿ ಕರಣೆ, ಉಳಿಗಳನ್ನು ತೊಳೆದು, ಎಣ್ಣೆ ಒರೆಸಿ ಮಂಚದ ಕೆಳಗೆ ತಳ್ಳಿದ. ಸುತ್ತಿಗೆಯನ್ನು ಮಗಳಿಗೆ ಕೊಟ್ಟ. ಟೀವಿ ಹಾಕುವುದನ್ನು ಬಿಟ್ಟ. ಪಕ್ಕದ ಮನೆಯವರು ಒಂದು ದಿನ ಬಂದು, ಎಲ್ಲ ಚೆನ್ನಾಗಿದ್ದೀರಾ ಎಂದು ವಿಚಾರಿಸಿ ಹೋದರು.

ಅವನು ಮನೆ ಬಿಟ್ಟು ಹೋಗಲಿಲ್ಲ, ಕೈಯೆತ್ತಲಿಲ್ಲ, ಊಟ ಬೇಡ ಎನ್ನಲಿಲ್ಲ. ತಾಯಿಯ ಬಟ್ಟೆ ತಾನೇ ಬದಲಿಸತೊಡಗಿದ. ತಾಯಿಯ ಮುಖ ನೋಡುತ್ತಿದ್ದ, ಮಗಳ ಮುಖ ನೋಡುತ್ತಿದ್ದ. ಹೆಂಡತಿಯ ಮುಖ ಮಾತ್ರ ನೋಡುತ್ತಿರಲಿಲ್ಲ. ಕಿವಿಯಿದ್ದವನು ಮಾತು ಬಿಟ್ಟರೂ ನಮ್ಮ ಮಾತು ಅವನಿಗೆ ಬಿದ್ದೇ ಬೀಳುತ್ತದೆ. ಅವನು ಕಣ್ಣು ತಗ್ಗಿಸಿದರೆ ಮುಗಿಯಿತು, ಅವಳು ಆ ಮನೆಯಲ್ಲಿ ಇಲ್ಲವೇ ಇಲ್ಲ.

ರಾತ್ರಿಯ ಊಟಕ್ಕೆ ಅವಳು ತಟ್ಟೆಯಿಟ್ಟು ಅವನೆದುರು ಕೂತಳು.

"ಆ ದಿನ ಅತ್ತೆ ಬಿದ್ರು ರೀ," ಎಂದು ಶುರುಮಾಡಿದಳು. "ಹನ್ನೊಂದು ಹೊಡೀತಿತ್ತು. ನೀವು ಆ ಕಡೆ ತಿರುಗಿದ್ರಿ. ನಾನು ಕೂಗಿದೆ. ಎರಡು ಸಲ ಕೂಗಿದೆ..."

ಅವನು ತಟ್ಟೆ ನೋಡುತ್ತ ಉಣ್ಣುತ್ತಿದ್ದ. ಮಗಳು ಎದ್ದು ಕೈ ತೊಳೆಯಲು ಹೋದಳು.

"ಅವನು ನೋಡ್ತಿಲ್ಲ ಕಣೆ," ಎಂದಳು ಅಜ್ಜಿ ಮಂಚದಿಂದ. "ಯಾರಿಗೆ ಹೇಳ್ತಿದೀಯ?"

"ಗೊತ್ತು ಅತ್ತೆ," ಎಂದು ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.